ಅಂಚಿಲ್ಲದ ತೋಟಾ
ರಿವಾಲ್ವರಿನ ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚಿರುತ್ತದೆ. ತೋಟಾ ಛೇಂಬರಿನೊಳಗೆ ಜಾರಿಹೋಗದಂತೆ ತಡೆಯುವುದು ಅದೇ, ಸಿಡಿದ ಮೇಲೆ ಹಿತ್ತಾಳೆಯ ಖಾಲಿ ಕೊಳವೆಯನ್ನು ಹೊರತಳ್ಳಲು ಆಸರೆಯಾಗುವುದೂ ಅದೇ. ಪಿಸ್ತೂಲಿಗೆಂದೇ ಹುಟ್ಟಿದ 9 ಮಿ.ಮೀ. ಲೂಗರ್ ತೋಟಾಕ್ಕೆ ಆ ಅಂಚಿಲ್ಲ. ಸಾಲದ್ದಕ್ಕೆ ಮೈ ಬುಡದಿಂದ ಬಾಯಿಗೆ ಸಣ್ಣಗಾಗುತ್ತದೆ: ಬುಡದಲ್ಲಿ 9.93, ಬಾಯಲ್ಲಿ 9.65 ಮಿ.ಮೀ. ಗುಂಡಿನ ವ್ಯಾಸ ಹೆಚ್ಚುಕಡಿಮೆ ಒಂದೇ ಆದರೂ .357 ಮ್ಯಾಗ್ನಮ್ ರಿವಾಲ್ವರಿನ ನೇರ ಛೇಂಬರಿಗೆ ತೂರಿಸಿದರೆ ಬುಡದ ಬಳಿ ಸಿಕ್ಕಿಕೊಳ್ಳುತ್ತದೆ.

ಅಂಚಿಲ್ಲದ ಕೊರತೆಗೆ ಸಾಮಾನ್ಯ ಪರಿಹಾರವೆಂದರೆ ತೋಟಾಗಳನ್ನು ತೆಳು ಉಕ್ಕಿನ ಮೂನ್ ಕ್ಲಿಪ್ಪಿಗೆ ಸಿಕ್ಕಿಸುವುದು. ಕೆಲಸವೇನೋ ಆಗುತ್ತದೆ, ಕ್ಲಿಪ್ ತುಸು ಬಾಗಿತೋ, ಸಿಲಿಂಡರ್ ತಿರುಗಲು ತಕರಾರು ತೆಗೆಯುತ್ತದೆ.

ನನಗಿಷ್ಟವಾದದ್ದು ಅಮೆರಿಕದ ಸ್ಮಿತ್ ಅಂಡ್ ವೆಸನ್ 1980ರಲ್ಲಿ ತಂದ ಮಾದರಿ 547. ತೋಟಾವನ್ನು ಹೊರತಳ್ಳುವ ನಕ್ಷತ್ರಾಕಾರದ ಬಿಲ್ಲೆಯಲ್ಲೇ ಸ್ಪ್ರಿಂಗಿನಂತೆ ಮಿಡಿಯುವ ಪುಟ್ಟ ಬೆರಳುಗಳನ್ನು ಅಡಗಿಸಿಟ್ಟರು. ತೋಟಾ ಒಳಗಿಳಿದರೆ ಅವು ಸರಿದು ದಾರಿಬಿಟ್ಟು, ಬುಡದ ಸುತ್ತಲ ತೋಡಿಗೆ ಕೂತು ಹಿಡಿಯುತ್ತವೆ. ಕ್ಲಿಪ್ಪಿನ ಗೊಡವೆಯೇ ಇಲ್ಲ. ಎಂಥ ಕುಸುರಿ! ಆ ದಶಕದ ನಡುವಿನಲ್ಲೇ ತಯಾರಿಕೆ ನಿಂತಿತು. ಇಂದಿನ 9 ಮಿ.ಮೀ. ರಿವಾಲ್ವರುಗಳಲ್ಲಿ ಹೆಚ್ಚಿನವು ಮತ್ತೆ ಕ್ಲಿಪ್ಪನ್ನೇ ನಂಬಿವೆ.