ಮಂಜಿಯ ಹಾಯಿ

ಗಂಗೊಳ್ಳಿ, ಹಂಗಾರಕಟ್ಟೆಯ ಅಳಿವೆಗಳಲ್ಲಿ ನಿಂತಾಗಲೆಲ್ಲ ನನಗೆ ಮಂಜಿಯ ನೆನಪು. ಎಂಜಿನ್ ಬರುವ ಮುಂಚೆ ನಮ್ಮ ಕರಾವಳಿಯ ಸರಕು ಇಂಥ ಹಾಯಿಹಡಗುಗಳ ಹೊಟ್ಟೆಯಲ್ಲೇ ಮುಂಬಯಿ ಕಡೆಗೆ ಹೋಗುತ್ತಿತ್ತು: ಅಕ್ಕಿ, ತೆಂಗಿನಕಾಯಿ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಸರಾದ ಹಂಚು.

ಮಂಜಿಯ ಚೆಂದವೆಲ್ಲ ಹಾಯಿಯಲ್ಲಿ. ತುಸು ಮುಂದಕ್ಕೆ ವಾಲಿದ ಕೂವೆಮರ, ಅದಕ್ಕೆ ಓರೆಯಾಗಿ ತೂಗಿದ ಉದ್ದನೆಯ ಅಡ್ಡಮರ. ಗಾಳಿಯ ಮಗ್ಗುಲು ಬದಲಾದರೆ ಆ ಭಾರದ ಮರವನ್ನೇ ಕೂವೆಯ ಮುಂದಿನಿಂದ ಆಚೆ ಬದಿಗೆ ತಿರುಗಿಸಬೇಕು. ಖಲಾಸಿಗಳ ಕೈ ಒಂದೇ ಲಯದಲ್ಲಿ ಬೀಳದಿದ್ದರೆ ಆಗುವ ಕೆಲಸವಲ್ಲ. ಹಡಗು ನಡೆಸುವ ತಾಂಡೇಲನಿಗೆ ಗಾಳಿಯ ದಿನಚರಿಯೇ ಗೊತ್ತು. ಬೆಳಗಿನ ಜಾವ ನೆಲದಿಂದ ಬೀಸುವ ಗಾಳಿಗೆ ಅಳಿವೆ ದಾಟಿ, ಮಧ್ಯಾಹ್ನದ ಕಡಲಗಾಳಿಯಲ್ಲಿ ದಡದ ಗುಂಟ ಸಾಗುವುದು.

ಇನ್ನು ಹಲಗೆಯ ಸಂದಿ. ಹತ್ತಿಯ ಹುರಿಯನ್ನು ಉಳಿಯಿಟ್ಟು ಬಡಿದು ಬಡಿದು ತುಂಬಿ, ಮೇಲೆ ಎಣ್ಣೆ ಕಲಸಿದ ರಾಳ ಮೆತ್ತುತ್ತಾರೆ. ನೀರಿಗಿಳಿದ ಮರ ಉಬ್ಬಿ ಹುರಿಯನ್ನು ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ದಡಕ್ಕೆಳೆದು ಮಡಲಿನ ಚಪ್ಪರ, ಮಳೆ ಕಳೆದ ಮೇಲೆ ಮತ್ತೆ ಎಣ್ಣೆ. ಹಳೆಯ ಮಂಜಿ ಕೊಳ್ಳುವವನು ಬಣ್ಣ ನೋಡಿದರೆ ಸಾಲದು. ಒಳಗಿಳಿದು, ಈ ಸಂದಿಯುದ್ದಕ್ಕೂ ಬೆರಳಾಡಿಸಿ, ಒದ್ದೆ ಹತ್ತುತ್ತದೆಯೇ ನೋಡಬೇಕು.