ಕ್ರಯಪತ್ರದಲ್ಲಿ ಕಾಣದ ಒಕ್ಕಲು

ತುಳುನಾಡಿನ ಗುತ್ತು–ಬೀಡುಗಳ ಅವನತಿಯನ್ನು ಹೇಳುವಾಗ ಜನರ ನೆನಪೂ ಬರವಣಿಗೆಯೂ ಬಹುಮಟ್ಟಿಗೆ ಒಂದೇ ದಿನಾಂಕಕ್ಕೆ ಬಂದು ನಿಲ್ಲುತ್ತವೆ: 1974ರ ಮಾರ್ಚ್ 1. ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಅಂದು ಜಾರಿಗೆ ಬಂದು, ಗೇಣಿಯಲ್ಲಿದ್ದ ಭೂಮಿ ಸರಕಾರದ ವಶವಾಯಿತು. ಕಾನೂನು ಬಂತು, ಮನೆ ಬಿತ್ತು ಎಂಬ ಈ ನಿರೂಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬಂಟ ಮತ್ತು ಜೈನ ಮನೆತನಗಳ ಆಸ್ತಿಯ ಚರಿತ್ರೆಯಲ್ಲಿ ಕಸಿದುಕೊಳ್ಳುವಿಕೆಗಿಂತ ಹಳೆಯದಾದ ಇನ್ನೊಂದು ಅಧ್ಯಾಯವಿದೆ. ಅದು ಮಾರಾಟದ ಅಧ್ಯಾಯ. ಅದನ್ನು ಬರೆದವರು ಕಡಿಮೆ.

ಈ ಜಿಲ್ಲೆಯಲ್ಲಿ ಭೂಮಿಯ ಕ್ರಯವಿಕ್ರಯ ಬ್ರಿಟಿಷರು ತಂದ ಹೊಸ ಪದ್ಧತಿಯಲ್ಲ. ಕೆನರಾದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ 1800ರ ವರದಿಯಲ್ಲಿ ಇಲ್ಲಿನ ಭೂಮಿ ಖಾಸಗಿ ಸ್ವತ್ತೆಂದೂ ಭೂಮಾಲಕರ ಬಳಿ ಹಳೆಯ ಸನ್ನದು, ಪತ್ರಗಳು ಹೇರಳವಾಗಿವೆಯೆಂದೂ ಗುರುತಿಸಿದ್ದನು. ಆ ಪತ್ರಗಳ ಪರಂಪರೆ ಭಾಷೆಯಲ್ಲಿಯೂ ಉಳಿದುಬಂದಿತು. ನಿಧಿ, ನಿಕ್ಷೇಪ, ಜಲ, ತರು, ಪಾಷಾಣವೆಂದು ಶಾಸನಗಳು ಎಣಿಸುತ್ತಿದ್ದ ಅಷ್ಟಭೋಗಗಳು ಇಪ್ಪತ್ತನೆಯ ಶತಮಾನದ ನೋಂದಾಯಿತ ಕ್ರಯಪತ್ರಗಳಲ್ಲಿಯೂ ಕಾಣಿಸಿಕೊಳ್ಳುತ್ತವೆ. ಮಣ್ಣಿನಡಿಯ ನಿಧಿ ದೊರೆತೀತೆಂದು ಯಾರೂ ನಂಬಿರಲಾರರು. ಆದರೂ ಅದನ್ನು ಬರೆಯಲು ಮರೆಯುತ್ತಿರಲಿಲ್ಲ. ಚೆಕ್ಕುಬಂದಿ, ಮರಮಟ್ಟು, ನೀರಿನ ಹಕ್ಕು, ವರ್ಗ ಭೂಮಿಯ ಅಂಚಿನ ಕುಮ್ಕಿ ಎಲ್ಲಕ್ಕೂ ಅಲ್ಲಿ ಸ್ಥಳವಿದೆ. ಆ ಗದ್ದೆಯನ್ನು ಉಳುತ್ತಿದ್ದವನು ಬರುವುದಾದರೆ ಇಂತಿಷ್ಟು ಮುಡಿ ಅಕ್ಕಿಯ ಗೇಣಿಯಾಗಿ ಮಾತ್ರ ಬರುತ್ತಾನೆ.

ಇದು ಬರವಣಿಗೆಯ ಅಲಕ್ಷ್ಯವಲ್ಲ, ವ್ಯವಸ್ಥೆಯ ಲಕ್ಷಣ. ಮೂಲಗೇಣಿದಾರನಿಗೆ ಶಾಶ್ವತ ಹಕ್ಕಿತ್ತು. ಧಣಿ ಬದಲಾದರೂ ಅವನು ಕದಲುವಂತಿರಲಿಲ್ಲ. ವಾಯಿದೆ ಗೇಣಿಯವನಿಗೆ ಅವಧಿಯ ರಕ್ಷಣೆಯಾದರೂ ಇತ್ತು. ಚಾಲಗೇಣಿಯ ಒಕ್ಕಲಿಗೆ ಅದೂ ಇಲ್ಲ. ವರ್ಷದಿಂದ ವರ್ಷಕ್ಕೆ ಧಣಿಯ ಮರ್ಜಿಯಲ್ಲಿ ನಡೆಯುವ ಆ ಗೇಣಿಯಲ್ಲಿ, ಆಸ್ತಿ ಮಾರಾಟವಾದ ಸುದ್ದಿ ಅವನಿಗೆ ತಲಪುತ್ತಿದ್ದುದು ಮುಂದಿನ ಕೊಯ್ಲಿನ ಅಕ್ಕಿಯನ್ನು ಯಾರ ಅಂಗಳಕ್ಕೆ ಹೊರಬೇಕೆಂಬ ಆಜ್ಞೆಯ ರೂಪದಲ್ಲಿ.

ಮಾರುವವರ ಕಡೆಯ ತೊಡಕು ಬೇರೆ ಬಗೆಯದು. ಅಳಿಯಸಂತಾನದ ಕುಟುಂಬದಲ್ಲಿ ಯಜಮಾನನು ಆಸ್ತಿಯ ಒಡೆಯನಲ್ಲ, ಆಡಳಿತಗಾರ. ಕುಟುಂಬದ ಅಗತ್ಯಕ್ಕಲ್ಲದೆ ಅವನು ಪರಭಾರೆ ಮಾಡುವಂತಿರಲಿಲ್ಲ. ಒಬ್ಬ ಸದಸ್ಯನು ಬಯಸಿದ ಮಾತ್ರಕ್ಕೆ ಪಾಲು ಸಿಗದೆಂದು ಮದ್ರಾಸು ಹೈಕೋರ್ಟು 1863ರಲ್ಲಿಯೇ ತೀರ್ಮಾನಿಸಿತ್ತು. ಸಾಲ, ಭೋಗ್ಯ, ವ್ಯಾಜ್ಯಗಳ ಮೂಲಕ ಅಂಚಿನ ಗದ್ದೆಗಳು ಜಾರಬಹುದಿತ್ತು, ಆದರೆ ಮನೆ ಒಡೆಯುತ್ತಿರಲಿಲ್ಲ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವ್ಯಕ್ತಿಯ ಅಂಶವನ್ನು ಅವನ ವಾರಸುದಾರರಿಗೆ ದಾಟಿಸಿತು. ಅಲ್ಲಿಯವರೆಗೆ ಹಿಡಿತದಲ್ಲಿದ್ದ ಆಸ್ತಿ ಹೀಗೆ ಪಾಲಾದಾಗ, ಮುಂಬಯಿಯಲ್ಲಿ ನೆಲೆಸಿದ ಪಾಲುದಾರನಿಗೆ ಊರಿನ ಗದ್ದೆಗಿಂತ ಅದರ ಬೆಲೆ ಹತ್ತಿರವೆನಿಸಿದ್ದರೆ ಆಶ್ಚರ್ಯವಿಲ್ಲ. 1974ಕ್ಕೆ ಕಾಲು ಶತಮಾನ ಮುಂಚೆಯೇ ಮನೆಗೆ ಒಳಗಿನಿಂದ ಬಿರುಕು ಬಿಟ್ಟಿತ್ತು. ಭೂಮಿ ಹೋದರೂ ಗಡಿ ಹಿಡಿಯುವ ಗೌರವ, ದೈವದ ನೇಮದ ಹೊಣೆ ಮನೆತನದಲ್ಲಿಯೇ ಉಳಿದ ನಿದರ್ಶನಗಳು ಸಾಕಷ್ಟಿವೆ. ಆದಾಯ ಒಂದು ಕಡೆ, ಮರ್ಯಾದೆಯ ಖರ್ಚು ಇನ್ನೊಂದು ಕಡೆ.

ಸಾಹಿತ್ಯ ಈ ಮಾರಾಟವನ್ನು ಹೇಗೆ ಕಂಡಿತು? ಬಂಟ್ವಾಳದವರಾದ ಪಂಜೆ ಮಂಗೇಶರಾಯರು ಗದ್ಯಕ್ಕೆ ತಂದ ಕೋಟಿ–ಚೆನ್ನಯರ ಕಥೆಯಲ್ಲಿ ಗದ್ದೆಯ ನೀರಿನ ತಕರಾರು ಬುದ್ಯಂತನ ಕೊಲೆಯಲ್ಲಿ ಮುಗಿಯುತ್ತದೆ. ಅಲ್ಲಿ ಭೂಮಿ ಬಲ್ಲಾಳನ ಕೊಡುಗೆಯ, ನಿರಾಕರಣೆಯ ವಸ್ತು, ಮಾರಾಟದ್ದಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಗೇಣಿದಾರನಿಗಿಂತಲೂ ಕೆಳಗೆ ಇಳಿಯುತ್ತದೆ. ಎತ್ತುಗಳಿದ್ದೂ ಗದ್ದೆಯಿಲ್ಲದ ಚೋಮನನ್ನು ಜಾತಿಯ ಕಟ್ಟು ಒಕ್ಕಲಾಗಲೂ ಬಿಡುವುದಿಲ್ಲ. ಡಿ. ಕೆ. ಚೌಟರ ತುಳು ಕಾದಂಬರಿ ‘ಮಿತ್ತಬೈಲ್ ಯಮುನಕ್ಕ’ ಒಂದು ಗುತ್ತಿನ ಕಥೆಯಾಗಿ ಚಾವಡಿಯನ್ನು ಕೇಂದ್ರಕ್ಕೆ ತರುತ್ತದೆ. ಚಾವಡಿಗೂ ಚೋಮನ ಗುಡಿಸಲಿಗೂ ನಡುವೆ ಅಕ್ಕಿಮುಡಿ ಹೊತ್ತು ನಡೆದ ಒಕ್ಕಲು ಈ ಕೃತಿಗಳಲ್ಲಿ ಕಥೆಯ ಕೇಂದ್ರವಾಗುವುದಿಲ್ಲ. ಕ್ರಯಪತ್ರ ಅವನನ್ನು ಗೇಣಿಯೊಳಗೆ ಅಡಗಿಸಿದಂತೆ ಕಥನವೂ ಅವನನ್ನು ಹಿನ್ನೆಲೆಯೊಳಗೆ ಅಡಗಿಸಿದೆ. ಕಾರಂತರಿಗೆ ಈ ಆಕ್ಷೇಪ ಅಷ್ಟಾಗಿ ತಟ್ಟದು. ಅವರು ನೋಡಿದ್ದು ಇನ್ನೂ ಆಳದ ಅನ್ಯಾಯವನ್ನು. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ. ವಿ. ಕಾರಂತರು ಆ ಕಾದಂಬರಿಯನ್ನು ಚಲನಚಿತ್ರವಾಗಿಸಿದ್ದು 1975ರಲ್ಲಿ, ಭೂನ್ಯಾಯ ಮಂಡಳಿಗಳ ಕಾಲದಲ್ಲಿ. ಚೋಮನ ಪಾಡಿಗೆ ಆ ಮಂಡಳಿಯಲ್ಲಿಯೂ ಅರ್ಜಿಯಿರಲಿಲ್ಲ: ಕಾನೂನು ಗೇಣಿದಾರನಿಗೆ ಹಕ್ಕು ಕೊಟ್ಟಿತು, ಮೂಲದ ಆಳಿಗಲ್ಲ.

ಒಕ್ಕಲು ತನ್ನ ಹೆಸರಿನಲ್ಲಿ ಮಾತನಾಡಿದ ಪಠ್ಯವನ್ನು ಹುಡುಕಿದರೆ ಅದು ಕಾದಂಬರಿಯಲ್ಲ, ನಮೂನೆ 7ರ ಅರ್ಜಿ. ಊರ ಮಾತಿನಲ್ಲಿ ಅದು ‘ಡಿಕ್ಲರೇಶನ್’. ಸರ್ವೆ ನಂಬರು, ವಿಸ್ತೀರ್ಣ, ಧಣಿಯ ಹೆಸರು, ಕೊಡುತ್ತಿದ್ದ ಗೇಣಿ: ಕ್ರಯಪತ್ರದ ವಿವರಗಳೇ ಇಲ್ಲಿ ಎದುರು ದಿಕ್ಕಿನಿಂದ ಬರೆಯಲ್ಪಟ್ಟವು. ಅರ್ಜಿಗೆ ಕೊನೆಯ ದಿನ 1979ರ ಜೂನ್ 30. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಆ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಅಸಿಂಧುಗೊಳಿಸಿತು. ಒಕ್ಕಲು ತನ್ನ ಧಣಿಯ ಎದುರೇ ನಿಂತು ಹೇಳಿಕೆ ಕೊಡಬೇಕಾದ ಆ ವಿಚಾರಣೆಗಳ ಕಡತಗಳು ಈ ಪ್ರದೇಶದ ಅತ್ಯಂತ ನಾಟಕೀಯ ಗದ್ಯ. ವಿಮರ್ಶೆ ಅವುಗಳ ಕಡೆ ಕಣ್ಣು ಹಾಯಿಸಿದ್ದು ಸಾಲದು. ಅಧಿಭೋಗದಾರನೆಂದು ಬರೆಯಲ್ಪಟ್ಟ ಹೆಸರು ಎಷ್ಟೋ ಮನೆಗಳಲ್ಲಿ ಗಂಡಸಿನದು, ನಟ್ಟಿ ನೆಟ್ಟವಳದಲ್ಲ ಎಂಬುದೂ ಆ ಕಡತಗಳನ್ನು ಓದುವಾಗ ಕೇಳಬೇಕಾದ ಪ್ರಶ್ನೆಯೇ.

ಮಂಜೂರಾದ ಭೂಮಿಯನ್ನು 15 ವರ್ಷ ಪರಭಾರೆ ಮಾಡಬಾರದೆಂದು ಕಾಯಿದೆ ವಿಧಿಸಿತ್ತು. ಆ ಅವಧಿ ಮುಗಿದಂತೆ ಹಿಂದಿನ ಒಕ್ಕಲುಗಳೂ ಮಾರಾಟಗಾರರ ಸ್ಥಾನಕ್ಕೆ ಬಂದರು. ಬೆಳ್ತಂಗಡಿಯ ಕಡೆ ಗುಡ್ಡಗಳಿಗೆ ರಬ್ಬರು ಹತ್ತಿತು. ಕಾಯಿದೆ ತೋಟದ ಬೆಳೆಯೆಂದು ವಿನಾಯಿತಿ ಕೊಟ್ಟದ್ದು ರಬ್ಬರಿಗೆ, ಅಡಿಕೆಗಲ್ಲ. ಈ ಹೊಸ ಕ್ರಯಪತ್ರಗಳಲ್ಲಿ ಹಕ್ಕಿನ ಮೂಲವಾಗಿ ಗುತ್ತಿನ ಹೆಸರಿನ ಬದಲು ಭೂನ್ಯಾಯ ಮಂಡಳಿಯ ಆದೇಶದ ಸಂಖ್ಯೆಯಿರುತ್ತದೆ. ಅದರ ಕೆಳಗೆ ಚೆಕ್ಕುಬಂದಿ, ಮರಮಟ್ಟು, ನೀರಿನ ಹಕ್ಕು.