ರಾಜಿಗೆ ಬಾರದ ಕಾಯ್ದೆ, ರಾಜಿ ಬೇಡುವ ಊರು

ದುದ್ದದ ಹೋಟೆಲಿನ ಬೆಂಚಿನ ಮೇಲಾಗಲಿ, ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಜಗುಲಿಯಲ್ಲಾಗಲಿ ‘ಅಟ್ರಾಸಿಟಿ ಕೇಸು’ (ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಕೇಸು) ಎಂದು ಬಾಯಿಬಿಟ್ಟು ನೋಡಿ. ಬರುವ ಬುದ್ಧಿಮಾತು ಒಂದೇ: ‘ಕೇಸು ಗೀಸು ಅಂತ ಹೋದ್ರೆ ಊರು ಒಡೆಯುತ್ತೆ, ಕೂತು ಮಾತಾಡಿ ಬಗೆಹರಿಸ್ಕೊಳ್ಳಿ.’ ಇದು ಅರಳಿಕಟ್ಟೆಯವರ ಮಾತಷ್ಟೇ ಅಲ್ಲ. ಶಾಂತಿ ಸಭೆ ಕರೆಯುವ ಅಧಿಕಾರಿಗಳು ನಂಬಿರುವುದೂ ಇದನ್ನೇ. ಈ ನಂಬಿಕೆ ತಪ್ಪು ಎನ್ನಲು ನಮ್ಮ ಹಾಸನ ಜಿಲ್ಲೆಯೇ ಸಾಕ್ಷಿ.

2015ರ ಆಗಸ್ಟ್ ಕೊನೆ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸರು ಬಸವೇಶ್ವರ ದೇವಸ್ಥಾನದ ಒಳಗೆ ಹೋದರು. ಅವರಲ್ಲಿ ದಲಿತ ಹೆಣ್ಣುಮಕ್ಕಳೂ ಇದ್ದರು. ಊರಿನ ಮುಖಂಡರು ವಿಧಿಸಿದ ದಂಡ ಒಂದು ಸಾವಿರ ರೂಪಾಯಿ. ಇನ್ನು ದೇಶದ ಕಾನೂನು ನೋಡಿ. ಅಸ್ಪೃಶ್ಯತೆಯ ಕಾರಣಕ್ಕೆ ದೇವಸ್ಥಾನದ ಬಾಗಿಲು ಮುಚ್ಚಿದವರಿಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹೇಳುವುದು ಒಂದರಿಂದ ಆರು ತಿಂಗಳ ಸೆರೆವಾಸ, ಜೊತೆಗೆ ನೂರರಿಂದ ಐನೂರು ರೂಪಾಯಿ ದಂಡ. ಒಳಗೆ ಹೋದವರಿಗೆ ಊರು ಹಾಕಿದ ದಂಡ, ತಡೆದವರಿಗೆ ಸಂಸತ್ತು ಗೊತ್ತುಮಾಡಿದ ಗರಿಷ್ಠ ದಂಡದ ಎರಡರಷ್ಟು! ಊರು ತನ್ನ ಕಟ್ಟಳೆಯನ್ನು ಕೂಡಲೇ ಜಾರಿ ಮಾಡಿತು. ಸರ್ಕಾರ ತನ್ನ ಕಾನೂನನ್ನು ಮಾತುಕತೆಗೆ ಇಟ್ಟಿತು. ದಲಿತರು ಪೊಲೀಸ್ ಕಾವಲಿನಲ್ಲಿ ಆ ಹೊಸ್ತಿಲು ದಾಟುವ ಹೊತ್ತಿಗೆ 2016 ಬಂದಿತ್ತು.

2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲೂ ದಲಿತರು ಮೊದಲ ಬಾರಿಗೆ ಗುಡಿ ಹೊಕ್ಕದ್ದು ಅಧಿಕಾರಿಗಳು, ಪೊಲೀಸರು ಜೊತೆಗಿದ್ದಾಗ. ‘ನೋಡಿ, ಮಾತಾಡಿದ್ದಕ್ಕೆ ಬಾಗಿಲು ತೆರೆಯಿತು’ ಎನ್ನುವವರಿದ್ದಾರೆ. ಖಾಕಿ ಎದುರಿಗೆ ನಿಂತಿದ್ದಕ್ಕೆ ತೆರೆಯಿತು ಎನ್ನುವುದು ಹೆಚ್ಚು ನಿಜ. ಸಂವಿಧಾನದ 17ನೇ ವಿಧಿ 1950ರಿಂದಲೇ ಕೊಟ್ಟ ಹಕ್ಕನ್ನು ಸಭೆಯ ವಿಷಯ ಮಾಡಿದ ಕ್ಷಣ ಅದು ಹಕ್ಕಾಗಿ ಉಳಿಯುವುದಿಲ್ಲ, ಊರಿನವರ ದೊಡ್ಡಮನಸ್ಸಾಗುತ್ತದೆ. ಕಾನೂನಿನ ಕಣ್ಣಿಗೆ ಒಬ್ಬ ಆರೋಪಿ, ಒಬ್ಬ ಸಂತ್ರಸ್ತ. ಸಭೆಯ ಕಣ್ಣಿಗೆ ಇಬ್ಬರೂ ‘ಎರಡು ಪಾರ್ಟಿ’.

ರಾಜಿಯನ್ನು ಈ ದೇಶ ಪ್ರಯೋಗಿಸಿ ನೋಡದೇನೂ ಬಿಟ್ಟಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ ರಾಜಿಗೆ ಅವಕಾಶವಿತ್ತು. 1976ರಲ್ಲಿ ಕಾಯ್ದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಈಗಿನ ಹೆಸರು ಕೊಟ್ಟಾಗ ಅದನ್ನು ಕಿತ್ತುಹಾಕಲಾಯಿತು. ಪುಸ್ತಕದಿಂದ ಹೋದದ್ದು ಕಟ್ಟೆಯ ಮೇಲೆ ಹಾಗೇ ಕೂತಿದೆ.

ರಾಜಿ ಬೇಕೆನ್ನುವವರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ದೂರು ಕೊಟ್ಟವನು ಮರುದಿನ ಅದೇ ಊರಿನಲ್ಲಿ ಏಳಬೇಕು. ಆಲೂಗೆಡ್ಡೆ ಹೊಲದ, ಶುಂಠಿ ಮಡಿಯ ಕೂಲಿ ತಪ್ಪಬಹುದು, ಅಂಗಡಿಯ ಸಾಲ ನಿಲ್ಲಬಹುದು. ಆದರೆ ಅದಕ್ಕೂ ಹೆಸರಿದೆ: ಬಹಿಷ್ಕಾರ. 2016ರ ಜನವರಿ 26ರಿಂದ ಜಾರಿಗೆ ಬಂದ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿಯಲ್ಲಿ ಅದೂ ದೌರ್ಜನ್ಯವೇ, ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಕೂಲಿ ತಪ್ಪಿಸುವವನನ್ನು ಬಿಟ್ಟು ಕೂಲಿ ಕಳೆದುಕೊಳ್ಳುವವನಿಗೆ ‘ಹುಷಾರು’ ಎನ್ನುವುದು ಎಂಥ ಶಾಂತಿಪಾಲನೆ?

ಇನ್ನೊಂದು ಮಾತೂ ಚಲಾವಣೆಯಲ್ಲಿದೆ: ಕೇಸುಗಳು ನಿಲ್ಲುವುದಿಲ್ಲ, ಆದ್ದರಿಂದ ಅವು ಸುಳ್ಳು. ಶಿಕ್ಷೆಯ ಪ್ರಮಾಣ ಕಡಿಮೆ ಎಂಬುದು ನಿಜ. ‘ಆದ್ದರಿಂದ’ ಎಂಬ ಪದ ಮಾತ್ರ ಸುಳ್ಳು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸುಟ್ಟು ಸತ್ತರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಏಕೆಂದರೆ ಸಾಕ್ಷಿಗಳು ತಿರುಗಿಬಿದ್ದಿದ್ದರು. ಸುಟ್ಟ ದೇಹಗಳು ಸುಳ್ಳೇ? ಸಾಕ್ಷಿ ಹೇಳುವವನು ಆರೋಪಿಯ ಹೊಲದಲ್ಲೇ ದುಡಿಯುತ್ತಿದ್ದರೆ, ಮೇಲೊಂದು ಕೌಂಟರ್ ಕೇಸು ತೂಗುತ್ತಿದ್ದರೆ ಬಾಯಿ ಕಟ್ಟುತ್ತದೆ. ಅದನ್ನೇ ನಾವು ಕಡತದಲ್ಲಿ ‘ಸಾಕ್ಷ್ಯಾಧಾರದ ಕೊರತೆ’ ಎಂದು ಬರೆಯುತ್ತೇವೆ.

ಈಗ ಎಲ್ಲರ ಆಸೆ ಹೊಸ ಠಾಣೆಗಳ ಮೇಲೆ. 1974ರಲ್ಲಿ ಹುಟ್ಟಿದ ನಾಗರಿಕ ಹಕ್ಕುಗಳ ಜಾರಿ ಘಟಕ, ಇಂದಿನ ನಿರ್ದೇಶನಾಲಯ, ಬಹುಕಾಲ ಸುಳ್ಳು ಜಾತಿ ಪ್ರಮಾಣಪತ್ರಗಳ ವಿಚಾರಣೆಯಲ್ಲಿ, ಬೇರೆ ಠಾಣೆಗಳ ಕೇಸುಗಳ ಮೇಲ್ವಿಚಾರಣೆಯಲ್ಲಿ ಕಳೆಯಿತು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ 33 ವಿಶೇಷ ಠಾಣೆಗಳನ್ನು ಕೊಟ್ಟಿತು. ಒಳ್ಳೆಯ ಹೆಜ್ಜೆ, ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ತನಿಖೆ ಶುರುವಾಗುವುದು ದೂರು ದಾಖಲಾದ ಮೇಲೆ. ದೂರು ಸಾಯುವುದು ಅದಕ್ಕೂ ಮೊದಲು, ಊರಿನ ಕಟ್ಟೆಯ ಮೇಲೆ, ಹೋಬಳಿಯ ಠಾಣೆಯ ಬಾಗಿಲಲ್ಲಿ. ಅರಕಲಗೂಡಿನ ಮೂಲೆಯ ಹಳ್ಳಿಯಿಂದ ವಿಶೇಷ ಠಾಣೆಯಿರುವ ಹಾಸನಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ. ಹಾಗಾಗಿ ಮೊದಲ ಪರೀಕ್ಷೆ ದುದ್ದದಂಥ ಠಾಣೆಗಳದ್ದೇ. 2018ರಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ಸೇರಿದ 18ಎ ಕಲಂ ಪ್ರಕಾರ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ‘ಎರಡೂ ಕಡೆಯವರನ್ನು ಕರೆಸಿ ನೋಡೋಣ’ ಎನ್ನುವ ಅಧಿಕಾರಿ ಶಾಂತಿದೂತನಲ್ಲ. ಬೇಕೆಂದೇ ಕರ್ತವ್ಯ ಮರೆತರೆ 4ನೇ ಕಲಂ ಅವನಿಗೂ ಆರು ತಿಂಗಳಿಂದ ಒಂದು ವರ್ಷದ ಸೆರೆ ಹೇಳುತ್ತದೆ.

ಗುಡಿ ಪ್ರವೇಶದ ದಿನದ ಫೋಟೊ ಜಾರಿಯ ಅಳತೆಗೋಲಲ್ಲ. ಅಳತೆ ಕಾನೂನಿನಲ್ಲೇ ಇದೆ. ತನಿಖೆಗೆ ಅರವತ್ತು ದಿನ. ದೋಷಾರೋಪ ಪಟ್ಟಿ ಸಲ್ಲಿಸಿದ ಮೇಲೆ, ಸಾಧ್ಯವಾದಷ್ಟೂ ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು. ಮೂರು ತಿಂಗಳಿಗೊಮ್ಮೆಯಾದರೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಕೂರಬೇಕು. ಈ ಮೂರರ ಲೆಕ್ಕವನ್ನು, ದೂರುದಾರರ ಹೆಸರು ಬಿಟ್ಟು, ಪ್ರತಿ ತಾಲ್ಲೂಕು ಕಚೇರಿಯ ಫಲಕದ ಮೇಲೆ ಬರೆದು ಹಾಕಲಿ. ಬಿತ್ತನೆ ಬೀಜದ ದರ ಬರೆಯುವ ಸರ್ಕಾರಕ್ಕೆ ಇದು ಭಾರವಾಗದು. ಆಮೇಲೆ ಬೇಕಾದರೆ ಶಾಂತಿ ಸಭೆ ಕರೆಯಲಿ. ಎಫ್‌ಐಆರ್ ಮೊದಲು, ಸಭೆ ನಂತರ.